ತಾತನ ನೆಗೆಟಿವ್‌ಗಳಿಂದ ವಿನೆಗರ್ ವಾಸನೆ: ಮ್ಯೂಸಿಯಂಗೆ ಕೊಡುವ ಮುನ್ನ

ತಾತನ ಸ್ಟುಡಿಯೊ ನೆಗೆಟಿವ್‌ಗಳು ವಿನೆಗರ್ ವಾಸನೆ ಹೊಡೆಯುತ್ತಿವೆ ಅಂದರೆ ಬಹುಶಃ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮ್ ಕೊಳೆಯುತ್ತಿದೆ. ಕೊಳೆಯುವಾಗ ಹೊರಬರುವ ಆಮ್ಲ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ವಾಸನೆ ಬರುವುದನ್ನೆಲ್ಲ ಇವತ್ತೇ ಬೇರೆ ಮಾಡಿ, ಪ್ಲಾಸ್ಟಿಕ್ ಕವರಿನಿಂದ ತೆಗೆದು ಆಮ್ಲರಹಿತ ಕಾಗದದಲ್ಲಿ, ತಣ್ಣನೆಯ ಒಣ ಜಾಗದಲ್ಲಿಡಿ. 1950ರ ಹಿಂದಿನದಾಗಿದ್ದು ಅಂಚಿನಲ್ಲಿ ‘ಸೇಫ್ಟಿ’ ಎಂದು ಇಲ್ಲದಿದ್ದರೆ ಅದು ನೈಟ್ರೇಟ್ ಎಂಬ ಹಳೆಯ ಬಗೆಯ ಫಿಲ್ಮ್ ಇರಬಹುದು. ಬೇಗ ಬೆಂಕಿ ಹಿಡಿಯುತ್ತದೆ, ಮ್ಯೂಸಿಯಂನವರಿಗೆ ಮೊದಲೇ ತಿಳಿಸಿ.

ಆಮೇಲೆ ಡಿಜಿಟಲ್ ಪ್ರತಿ. ಲೈಟ್ ಪ್ಯಾನೆಲ್ ಮೇಲಿಟ್ಟು ಮ್ಯಾಕ್ರೊ (ಹತ್ತಿರದಿಂದ ತೆಗೆಯುವ) ಲೆನ್ಸ್‌ನಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದ ಫೈಲ್ ತೆಗೆಯುವುದೇ ವಾಸಿ. ಆ ಪ್ರತಿಯಲ್ಲಿ ಅಂಚನ್ನು ಕತ್ತರಿಸಬೇಡಿ, ಗುರುತುಗಳನ್ನು ಅಳಿಸಬೇಡಿ: ಮುಖದ ಮೇಲಿನ ರೀಟಚಿಂಗ್ ಪೆನ್ಸಿಲ್ ಗೀರು, ಮೂಲೆಯಲ್ಲಿ ಬರೆದ ಗಿರಾಕಿ ನಂಬರು, ಇವು ಆ ಕಾಲದ ಕೆಲಸವನ್ನೇ ತೋರಿಸುತ್ತವೆ. ಸುಕ್ಕಾದ ನೆಗೆಟಿವ್‌ಗಳು ಉಳಿದಾವು ಎನ್ನಲಾರೆ. ಒತ್ತಿ ಚಪ್ಪಟೆ ಮಾಡದೆ ಹಳೆಯ ಫಿಲ್ಮ್ ಕಾಪಾಡುವ ಸಂರಕ್ಷಕರ ಕೈಗೆ ಕೊಡಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ.