ಸ್ಪ್ಯಾನಿಷ್‌ನಲ್ಲಿ ಗಂಟೆ ಹೇಳುವುದನ್ನು ಬೇಗ ರೂಢಿ ಮಾಡಿಕೊಳ್ಳುವುದು ಹೇಗೆ?

ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದೀರಿ, ನೂರರವರೆಗೆ ಎಣಿಸಲು ಬರುತ್ತದೆ, ಆದರೆ ಟೀಚರ್ ಗಡಿಯಾರ ತೋರಿಸಿ ‘ಕೆ ಓರಾ ಎಸ್?’, ಅಂದರೆ ಗಂಟೆ ಎಷ್ಟು, ಅಂದ ಕೂಡಲೇ ಬಾಯಿ ಕಟ್ಟಿಹೋಗುತ್ತದೆ ಅಂತ ಬರೆದಿದ್ದೀರಿ. ಅದರಲ್ಲೂ ‘ಮೇನೋಸ್’ (ಅಂದರೆ ‘ಕಡಿಮೆ’) ಬಂದರೆ ಲೆಕ್ಕವೇ ತಪ್ಪುತ್ತದಂತೆ. ಸುಲಭದ ದಾರಿ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ಇದೆ. ನಾನು ಬೆಂಗಳೂರಿನಿಂದ ಮೆಕ್ಸಿಕೋ ನಗರದ ಒಂದು ಟೀಮ್ ಜೊತೆ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಮ್ಯಾಡ್ರಿಡ್‌ನಲ್ಲಿದ್ದೆ. ನನ್ನ ಸಲಹೆ ಒಂದೇ: ಮನಸ್ಸಿನಲ್ಲಿ ಮೊದಲು ಇಂಗ್ಲಿಷ್‌ನಲ್ಲಿ ಹೇಳಿಕೊಂಡು ಆಮೇಲೆ ಸ್ಪ್ಯಾನಿಷ್‌ಗೆ ಬರಬೇಡಿ. ಕನ್ನಡದಿಂದ ನೇರವಾಗಿ ಹೋಗಿ, ದಾರಿ ಹತ್ತಿರ.

ಹೇಗೆ ಅಂತ ನೋಡಿ. ನಾವು ‘ಎರಡೂಕಾಲು’, ‘ಎರಡೂವರೆ’ ಅನ್ನುತ್ತೇವೆ. ಮೊದಲು ಗಂಟೆ, ಅದಕ್ಕೆ ಅಂಟಿಕೊಂಡು ಕಾಲು ಅಥವಾ ಅರೆ. ಅವರೂ ಹಾಗೇ: ‘ಲಾಸ್ ದೋಸ್ ಇ ಕ್ವಾರ್ತೊ’, ‘ಲಾಸ್ ದೋಸ್ ಇ ಮೇದಿಯಾ’. ನಡುವಿನ ‘ಇ’ ಅಂದರೆ ನಮ್ಮ ‘ಊ’ ಇದ್ದ ಹಾಗೆ. ಹತ್ತು ನಿಮಿಷ ಆಗಿದ್ದರೆ ‘ದೋಸ್ ಇ ದಿಯೆಸ್’. ಅರ್ಧ ಗಂಟೆಯವರೆಗೆ ಇಷ್ಟೇ ಕಥೆ. ಒಂದು ಗಂಟೆಗೆ ಮಾತ್ರ ಏಕವಚನ, ‘ಎಸ್ ಲಾ ಊನಾ’. ಉಳಿದದ್ದಕ್ಕೆಲ್ಲ ‘ಸೋನ್ ಲಾಸ್’. ‘ಓರಾ’, ಅಂದರೆ ಗಂಟೆ, ಸ್ತ್ರೀಲಿಂಗ, ಅದಕ್ಕೇ ‘ಲಾ’, ‘ಲಾಸ್’. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಸಲ ಬಾಯಲ್ಲಿ ಹೇಳಿದರೆ ಕೂತುಬಿಡುತ್ತದೆ.

ಇನ್ನೊಂದು ಲಾಭ ಇದೆ. ‘ಗಂಟೆ ಎಷ್ಟು?’ ಅನ್ನುವುದಕ್ಕೂ ‘ಎಷ್ಟು ಗಂಟೆಗೆ?’ ಅನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ‘ಗೆ’ ಹಚ್ಚುವ ಕಡೆ ಅವರು ಮುಂದೆ ‘ಆ’ ಹಾಕುತ್ತಾರೆ. ‘ಸೋನ್ ಲಾಸ್ ತ್ರೆಸ್’ ಅಂದರೆ ಈಗ ಮೂರು ಗಂಟೆ. ‘ಆ ಲಾಸ್ ತ್ರೆಸ್’ ಅಂದರೆ ಮೂರು ಗಂಟೆಗೆ. ಮೀಟಿಂಗ್ ಎಷ್ಟೊತ್ತಿಗೆ ಅಂತ ಕೇಳಬೇಕಾದರೆ ‘ಆ ಕೆ ಓರಾ’ ಅಂತಲೇ ಶುರು ಮಾಡಿ.

ಈಗ ನಿಮ್ಮ ಮೇನೋಸ್. ಎರಡೂ ಮುಕ್ಕಾಲು ಅನ್ನುವ ಕಡೆ ಸ್ಪೇನಿನವರು ಮುಂದಿನ ಗಂಟೆಗೆ ಹಾರಿ, ಅಲ್ಲಿಂದ ಕಾಲು ಕಳೆಯುತ್ತಾರೆ: ‘ಲಾಸ್ ತ್ರೆಸ್ ಮೇನೋಸ್ ಕ್ವಾರ್ತೊ’. ತೊಂದರೆ ಹೇಳುವಾಗ ಅಲ್ಲ, ಕೇಳುವಾಗ. ‘ತ್ರೆಸ್’ ಮೊದಲು ಕಿವಿಗೆ ಬೀಳುತ್ತದೆ, ನಾವು ಮೂರು ಅಂತ ಹಿಡಿದುಬಿಡುತ್ತೇವೆ. ಹಿಂದೆ ಬರುವ ‘ಮೇನೋಸ್ ದಿಯೆಸ್’ ಗದ್ದಲದಲ್ಲಿ ಕಳೆದುಹೋಗುತ್ತದೆ. ಮೂರಕ್ಕೆ ಹತ್ತು ನಿಮಿಷ ಇರುವಾಗ ಹೊರಡುವ ಬಸ್ಸಿಗೆ ಮೂರೂ ಹತ್ತಕ್ಕೆ ಹೋಗಿ ನಿಂತರೆ ಏನಾಗುತ್ತದೆ ಗೊತ್ತಲ್ವಾ? ಹಾಗಾಗಿ ಗಂಟೆ ಕೇಳಿಸಿದ ಮೇಲೂ ಕಿವಿ ತೆರೆದಿಡಿ. ಮುಂದೆ ಬರುವುದು ‘ಇ’ನೋ ‘ಮೇನೋಸ್’ಓ, ಅದೇ ಮುಖ್ಯ.

ಲ್ಯಾಟಿನ್ ಅಮೆರಿಕದ ಬಹಳಷ್ಟು ಕಡೆ ಈ ಕಳೆಯುವ ಲೆಕ್ಕವೇ ಇಲ್ಲ. ನನ್ನ ಮೆಕ್ಸಿಕೋ ಟೀಮಿನವರು ‘ದಿಯೆಸ್ ಪಾರಾ ಲಾಸ್ ತ್ರೆಸ್’ ಅನ್ನುತ್ತಾರೆ. ಅಂದರೆ ಏನು? ಮೂರಕ್ಕೆ ಹತ್ತು! ನಮ್ಮ ಮಾತೇ, ಪದಗಳ ಜಾಗ ಮಾತ್ರ ಬೇರೆ. ‘ಫಾಲ್ತಾನ್ ದಿಯೆಸ್’ ಅಂತ ಶುರು ಮಾಡಿದರೆ ಇನ್ನು ಹತ್ತು ನಿಮಿಷ ಬಾಕಿ ಇದೆ ಅಂತ. ಕನ್ನಡದವರಿಗೆ ಇದು ಸಲೀಸು. ನೀವು ಯಾವ ದೇಶದವರ ಜೊತೆ ಮಾತಾಡಬೇಕೋ ಅಲ್ಲಿಯದನ್ನು ಬಾಯಲ್ಲಿ ಆಡಿ, ಇನ್ನೊಂದನ್ನು ಕಿವಿಗೆ ಪರಿಚಯ ಮಾಡಿಕೊಳ್ಳಿ. ಎರಡೂ ನಾಲಿಗೆಗೆ ಬರದ ದಿನ ‘ದೋಸ್ ಕ್ವಾರೆಂತಾ ಇ ಸಿಂಕೊ’, ಅಂದರೆ ಎರಡು ನಲವತ್ತೈದು, ಅಂತ ಫೋನ್ ನೋಡಿ ಓದಿಬಿಡಿ. ಪೂರ್ತಿ ಸರಿಯಾದ ಸ್ಪ್ಯಾನಿಷ್ ಅದು, ಯಾರೂ ನಗುವುದಿಲ್ಲ. ಕ್ಲಾಸುಗಳಲ್ಲಿ ಮುಳ್ಳಿನ ಗಡಿಯಾರದ ಮೇಲೆ ಸುಮ್ನೆ ಅಷ್ಟು ಹೊತ್ತು ಕಳೆಯುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ನಿಜವಾಗಿ ಕಾಟ ಕೊಡುವುದು ಸಂಖ್ಯೆಗಳ ಉಚ್ಚಾರ. ದೋಸ್ ಅಂದರೆ ಎರಡು. ಹನ್ನೆರಡಕ್ಕೆ ಮೆಕ್ಸಿಕೋದಲ್ಲಿ ‘ದೋಸೆ’. ಹೌದು, ನಮ್ಮ ದೋಸೆಯೇ, ಮಧ್ಯಾಹ್ನದ ಹೊತ್ತಿಗೆ ಕೇಳಿದರೆ ಹೊಟ್ಟೆ ಚುರುಗುಟ್ಟುತ್ತದೆ. ಸ್ಪೇನಿನ ಹೆಚ್ಚಿನ ಕಡೆ ಅದೇ ಪದದ ಕೊನೆಗೆ ನಾಲಿಗೆ ಹಲ್ಲಿನ ನಡುವೆ ಬಂದು ‘ದೋಥೆ’ ಆಗುತ್ತದೆ. ಸೇಯಿಸ್ ಆರು, ಸಿಯೇತೆ ಏಳು. ಇವೆರಡೂ ಫೋನಿನಲ್ಲಿ ಕಲಸಿಹೋಗುತ್ತವೆ. ಮೀಟಿಂಗ್ ಸಮಯ ಗೊತ್ತು ಮಾಡುವಾಗ ನಾನು ತಿರುಗಿ ಹೇಳಿಯೇ ಹೇಳುತ್ತೇನೆ, ಚಾಟ್‌ನಲ್ಲಿ ಅಂಕಿಯನ್ನೂ ಹಾಕುತ್ತೇನೆ.

ಆಮೇಲೆ ದಿನದ ಹೊತ್ತು. ‘ದೆ ಲಾ ಮಾನ್ಯಾನಾ’ ಬೆಳಗ್ಗೆ, ‘ದೆ ಲಾ ತಾರ್ದೆ’ ಮಧ್ಯಾಹ್ನ-ಸಂಜೆ, ‘ದೆ ಲಾ ನೋಚೆ’ ರಾತ್ರಿ. ಬೆಳಗಿನ ಜಾವ ನಾಲ್ಕು ಗಂಟೆಗೆ ‘ದೆ ಲಾ ಮಾದ್ರುಗಾದಾ’ ಅನ್ನುವ ಬೇರೆ ಮಾತೇ ಇದೆ. ಆದರೆ ಗೆರೆಗಳು ನಮ್ಮಲ್ಲಿದ್ದ ಜಾಗದಲ್ಲಿಲ್ಲ. ಸ್ಪೇನಿನಲ್ಲಿ ಎಂಟು ಗಂಟೆಯೂ ‘ತಾರ್ದೆ’, ಮೆಕ್ಸಿಕೋದಲ್ಲಿ ಅದೇ ಎಂಟು ‘ನೋಚೆ’. ‘ಮೇದಿಯೋದಿಯಾ’ ಅಂದರೆ ಹನ್ನೆರಡು ಅಂತ ಪುಸ್ತಕದಲ್ಲಿದೆ. ಮ್ಯಾಡ್ರಿಡ್‌ನಲ್ಲಿ ಯಾರಾದರೂ ಆ ಹೊತ್ತಿಗೆ ಸಿಗೋಣ ಅಂದರೆ ಅದು ಊಟದ ಹೊತ್ತು, ಅಂದರೆ ಎರಡು ಗಂಟೆಯೂ ಆಗಬಹುದು. ಊಟ ಆಗುವವರೆಗೆ, ಒಂದೂವರೆ ಆದರೂ, ‘ಬುಯೆನೋಸ್ ದಿಯಾಸ್’, ಅಂದರೆ ಗುಡ್ ಮಾರ್ನಿಂಗ್, ಅನ್ನುವವರಿದ್ದಾರೆ. ನಾನಿದ್ದ ಬೀದಿಯ ಹಾರ್ಡ್‌ವೇರ್ ಅಂಗಡಿ ಬಾಗಿಲಲ್ಲಿ ಒಂದು ಚೀಟಿ ಇತ್ತು: 10:00ರಿಂದ 14:00, ಮತ್ತೆ 17:00ರಿಂದ 20:30. ನಡುವೆ ಶಟರ್ ಎಳೆದಿರುತ್ತಿತ್ತು. ಬರೆಯುವಾಗ ಹೀಗೆ 24 ಗಂಟೆ ಲೆಕ್ಕ, ಬಾಯಲ್ಲಿ ಕೇಳಿದರೆ ಅದೇ ಅಂಗಡಿಯವನು ‘ಆ ಲಾಸ್ ಸಿಂಕೊ’, ಐದು ಗಂಟೆಗೆ, ಅನ್ನುತ್ತಿದ್ದ. ರೈಲು, ಸಿನಿಮಾ ಟಿಕೆಟ್ ಎಲ್ಲದರಲ್ಲೂ ಹೀಗೇ.

ಇಷ್ಟು ತಡ ಯಾಕೆ ಅಂತ ಅನಿಸುತ್ತದೆ. ಗಡಿಯಾರವೇ ಒಂದು ಕಾರಣ. 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಸ್ಪೇನಿನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಸೇರಿಸಿತು. ಅದು ಮತ್ತೆ ಹಿಂದೆ ಬರಲೇ ಇಲ್ಲ. ಭೂಪಟದಲ್ಲಿ ನೋಡಿದರೆ ಸ್ಪೇನ್ ಲಂಡನ್ನಿನ ಸಮಯಕ್ಕೆ ಹೊಂದುತ್ತದೆ. ಅದರ ಮೇಲೆ ಬೇಸಿಗೆ ಸಮಯ ಅಂತ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಮ್ಯಾಡ್ರಿಡ್ ಗಡಿಯಾರದಲ್ಲಿ ಎರಡು ದಾಟಿರುತ್ತದೆ. ಜೂನ್‌ನಲ್ಲಿ ಮುಳುಗುವಾಗ ಒಂಬತ್ತೂ ಮುಕ್ಕಾಲು. ಎಂಟು ಗಂಟೆಯನ್ನು ರಾತ್ರಿ ಅಂತ ಹೇಳಲು ಅವರಿಗೆ ಬಾಯಿ ಬರುವುದಾದರೂ ಹೇಗೆ?

ಅಭ್ಯಾಸಕ್ಕೆ ನಾನು ಮಾಡುವುದನ್ನು ಹೇಳುತ್ತೇನೆ. ಮೆಕ್ಸಿಕೋ ನಗರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. 2022ರಲ್ಲಿ ಅವರು ಬೇಸಿಗೆ ಸಮಯ ನಿಲ್ಲಿಸಿದ ಮೇಲೆ ಇದು ವರ್ಷವಿಡೀ ಬದಲಾಗುವುದಿಲ್ಲ. ಲೆಕ್ಕ ಸುಲಭ: ನಮ್ಮ ಗಂಟೆಗೆ ಅರ್ಧ ಸೇರಿಸಿ, ಹಗಲು ರಾತ್ರಿ ಅದಲುಬದಲು ಮಾಡಿ. ಇಲ್ಲಿ ರಾತ್ರಿ ಒಂಬತ್ತು, ‘ಲಾಸ್ ನುವೇವೆ ದೆ ಲಾ ನೋಚೆ’, ಆದರೆ ಅಲ್ಲಿ ‘ಲಾಸ್ ನುವೇವೆ ಇ ಮೇದಿಯಾ ದೆ ಲಾ ಮಾನ್ಯಾನಾ’. ಫೋನ್ ಕೈಗೆತ್ತಿಕೊಂಡಾಗೆಲ್ಲ ಎರಡನ್ನೂ ಜೋರಾಗಿ ಹೇಳಿ. ಮನೆಯವರು ಮೊದಲ ದಿನ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಕಿವಿಗೆ ಸ್ಪೇನಿನ ರೇಡಿಯೋ ಸಾಕು, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಗಂಟೆ ಬಾರಿಸಿದಾಗ ಸಮಯವನ್ನು ಎರಡು ಸಲ ಹೇಳುತ್ತಾರೆ, ಯಾಕಂದರೆ ಸ್ಪೇನಿಗೇ ಸೇರಿದ ಕ್ಯಾನರಿ ದ್ವೀಪಗಳು ಒಂದು ಗಂಟೆ ಹಿಂದೆ: ‘ಸೋನ್ ಲಾಸ್ ಓಚೊ, ಲಾಸ್ ಸಿಯೇತೆ ಎನ್ ಕನಾರಿಯಾಸ್’. ಅವರ ಬೆಳಗಿನ ಎಂಟರ ವಾರ್ತೆ ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆಗೆ, ಚಳಿಗಾಲದಲ್ಲಿ ಹನ್ನೆರಡೂವರೆಗೆ ಬರುತ್ತದೆ.