ಸಂಬಳದಲ್ಲಿ ಮುರಿದುಕೊಳ್ಳುವ ಸೈಕಲ್: ಬ್ರಿಟನ್ನಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಸಲ ಬಂದಿರುವ ಪತ್ರಗಳಲ್ಲಿ ಹಲವು ‘ಸೈಕಲ್ ಟು ವರ್ಕ್’ ಯೋಜನೆಯನ್ನು ಕುರಿತಾಗಿವೆ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುವವರಿಗೆ ತೆರಿಗೆಯ ಭಾರ ಇಳಿಸುವ ಉದ್ದೇಶದಿಂದ 1999ರ ಹಣಕಾಸು ಕಾಯಿದೆಯ ಮೂಲಕ ಇದು ಜಾರಿಗೆ ಬಂತು. ಇದರಲ್ಲಿ ಸೈಕಲ್ಲನ್ನು ಕೊಳ್ಳುವುದು ಕಂಪನಿ; ನೌಕರರು ಅದನ್ನು ಬಾಡಿಗೆಗೆ ಪಡೆದು, ಆ ಬಾಡಿಗೆಯಷ್ಟು ಹಣವನ್ನು ತೆರಿಗೆ ಹಿಡಿಯುವ ಮೊದಲೇ ಸಂಬಳದಲ್ಲಿ ಬಿಟ್ಟುಕೊಡುತ್ತಾರೆ. ಹಾಗೆ ಬಿಟ್ಟುಕೊಟ್ಟ ಭಾಗದ ಮೇಲೆ ಆದಾಯ ತೆರಿಗೆಯಾಗಲಿ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಗೆಂದು ಸಂಬಳದಲ್ಲಿ ಹಿಡಿಯುವ ವಂತಿಗೆ) ಆಗಲಿ ಬೀಳುವುದಿಲ್ಲ. ಓದುಗರ ಕಷ್ಟಗಳಲ್ಲಿ ಹೆಚ್ಚಿನವು ಈ ‘ಬಾಡಿಗೆ’ ಎಂಬ ಏರ್ಪಾಟಿನಿಂದಲೇ ಹುಟ್ಟಿವೆ ಎಂಬುದನ್ನು ಮೊದಲೇ ಗಮನಕ್ಕೆ ತರುತ್ತೇನೆ. ಕೆಳಗಿನ ಲೆಕ್ಕಗಳು ಇಂಗ್ಲೆಂಡಿನ ತೆರಿಗೆ ದರಗಳನ್ನು ಆಧರಿಸಿವೆ; ಸ್ಕಾಟ್‌ಲೆಂಡಿನಲ್ಲಿ ಆದಾಯ ತೆರಿಗೆಯ ದರಗಳು ಬೇರೆಯಾಗಿರುವುದರಿಂದ ಅಲ್ಲಿನ ಓದುಗರು ತಮ್ಮ ದರವನ್ನು ಹಾಕಿ ನೋಡಿಕೊಳ್ಳಬೇಕು.

ಪ್ರಶ್ನೆ: ಕಂಪನಿಯ ಯೋಜನೆಯಲ್ಲಿ 1,200 ಪೌಂಡ್ ಬೆಲೆಯ ಸೈಕಲ್ ತೆಗೆದುಕೊಂಡೆ. ತಿಂಗಳಿಗೆ 100 ಪೌಂಡಿನಂತೆ ಹನ್ನೆರಡು ಕಂತುಗಳೂ ಸಂಬಳದಲ್ಲಿ ಕಡಿತವಾದವು. ಸೈಕಲ್ ಇನ್ನು ನನ್ನದೆಂದುಕೊಂಡಿರುವಾಗ, ಅದನ್ನು ಸ್ವಂತ ಮಾಡಿಕೊಳ್ಳಲು ಇನ್ನೂ 300 ಪೌಂಡ್ ಕೊಡಬೇಕು, ಇಲ್ಲವೇ ಬೇರೊಂದು ಒಪ್ಪಂದಕ್ಕೆ ಸಹಿ ಹಾಕಬೇಕು ಎಂಬ ಪತ್ರ ಬಂದಿದೆ. ಪೂರ್ತಿ ಬೆಲೆ ಕಟ್ಟಿದ ಮೇಲೂ ಕೇಳುತ್ತಿರುವ ಈ ಹಣ ಯಾವುದು? ನನಗೆ ಮೋಸವಾಗಿದೆಯೇ? (ಓದುಗರೊಬ್ಬರು, ರೆಡಿಂಗ್)

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಇದು ಕಾನೂನಿನ ಪ್ರಕಾರ ಮೋಸವಲ್ಲ. ಇಷ್ಟು ದಿನ ನೀವು ಕಟ್ಟಿದ್ದು ಬಾಡಿಗೆಯೇ ಹೊರತು ಸೈಕಲ್ಲಿನ ಬೆಲೆಯಲ್ಲ. ಬಾಡಿಗೆ ಅವಧಿ ಮುಗಿದೊಡನೆ ಸೈಕಲ್ ನೌಕರರದ್ದಾಗುತ್ತದೆ ಎಂದು ಮೊದಲ ದಿನವೇ ಬರೆದುಕೊಟ್ಟರೆ ಅದು ಬಾಡಿಗೆಯೆನಿಸದೆ ಕಂತಿನ ಖರೀದಿಯಾಗುತ್ತದೆ, ತೆರಿಗೆ ವಿನಾಯಿತಿಯೂ ತಪ್ಪಿಹೋಗುತ್ತದೆ. ಆ ಕಾರಣದಿಂದಲೇ ಯಾವ ಕಂಪನಿಯೂ ಈ ಮಾತನ್ನು ಆರಂಭದಲ್ಲಿ ಬಿಚ್ಚಿ ಹೇಳುವುದಿಲ್ಲ. ಹೇಳಬಾರದೆಂಬ ನಿಯಮವಿದೆ, ನಿಜ. ಆದರೆ ‘ವರ್ಷದ ಕೊನೆಯಲ್ಲಿ ಇನ್ನೊಂದು ತೀರ್ಮಾನ ಮಾಡಬೇಕಾಗುತ್ತದೆ, ಅದಕ್ಕೆ ಹಣ ತಗಲುತ್ತದೆ’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ. ಪ್ರಚಾರದ ಹಾಳೆಯಲ್ಲಿ ಶೇಕಡಾವಾರು ಉಳಿತಾಯವನ್ನು ಮುಖಪುಟದಲ್ಲೂ ಈ ವಿಷಯವನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲೂ ಹಾಕುವ ಪದ್ಧತಿಯನ್ನು ನಾನು ಒಪ್ಪಲಾರೆ.

300 ಪೌಂಡಿನ ಮೂಲ ತೆರಿಗೆ ಇಲಾಖೆಯ ಒಂದು ಪಟ್ಟಿಯಲ್ಲಿದೆ. ಮೊದಲೆಲ್ಲ ವರ್ಷ ಕಳೆದ ಸೈಕಲ್ಲನ್ನು ನಾಮಮಾತ್ರದ ಹಣಕ್ಕೆ ನೌಕರರಿಗೇ ಬಿಟ್ಟುಕೊಡುವ ರೂಢಿಯಿತ್ತು. 2010ರಲ್ಲಿ ಆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ, ಬಳಸಿದ ಸೈಕಲ್ಲಿಗೆ ಯಾವ ವಯಸ್ಸಿನಲ್ಲಿ ಎಷ್ಟು ಬೆಲೆಯೆಂದು ಪಟ್ಟಿ ಮಾಡಿ ಪ್ರಕಟಿಸಿತು. 500 ಪೌಂಡಿಗಿಂತ ಕಡಿಮೆ ಬೆಲೆಯ ಸೈಕಲ್ಲಿಗೆ ಒಂದು ವರ್ಷದ ನಂತರ ಮೂಲ ಬೆಲೆಯ ಶೇ. 18, ಅದಕ್ಕೆ ಮೇಲ್ಪಟ್ಟ ಬೆಲೆಯದಕ್ಕೆ ಶೇ. 25. ನಿಮ್ಮ 1,200ಕ್ಕೆ ಶೇ. 25 ಎಂದರೆ ಸರಿಯಾಗಿ 300. ಅದಕ್ಕಿಂತ ಕಡಿಮೆಗೆ ಕೊಟ್ಟರೆ ವ್ಯತ್ಯಾಸದ ಹಣವನ್ನು ನಿಮಗೆ ಸಿಕ್ಕ ಲಾಭವೆಂದು ಪರಿಗಣಿಸಿ ತೆರಿಗೆ ಹಾಕುತ್ತಾರೆ. ಅದೇ ಪಟ್ಟಿಯ ಪ್ರಕಾರ ನಾಲ್ಕು ವರ್ಷ ತುಂಬಿದ ಸೈಕಲ್ಲಿನ ಬೆಲೆ ಶೇ. 7ಕ್ಕೆ, ಅಗ್ಗದ ಸೈಕಲ್ಲಾದರೆ ಶೇ. 3ಕ್ಕೆ, ಇಳಿದಿರುತ್ತದೆ. ನಿಮಗೆ ಬಂದಿರುವ ಎರಡನೆಯ ಒಪ್ಪಂದ ಇದನ್ನೇ ಬಳಸಿಕೊಳ್ಳುತ್ತದೆ: ಈಗ ಶೇ. 7ರಷ್ಟು, ಅಂದರೆ 84 ಪೌಂಡ್, ಠೇವಣಿ ಇಟ್ಟು ಮುಂದಿನ ಮೂರು ವರ್ಷ ತಿಂಗಳ ಬಾಡಿಗೆಯಿಲ್ಲದೆ ಸೈಕಲ್ಲನ್ನು ಬಳಸುತ್ತೀರಿ. ಅವಧಿ ಮುಗಿದಾಗ ಠೇವಣಿಯನ್ನೇ ಬೆಲೆಯೆಂದು ಹಿಡಿದುಕೊಂಡು ಸೈಕಲ್ಲನ್ನು ನಿಮ್ಮ ಹೆಸರಿಗೆ ಬಿಡುತ್ತಾರೆ, ಬೇಡವೆಂದರೆ ಸೈಕಲ್ ಹಿಂತಿರುಗಿಸಿ ಠೇವಣಿ ವಾಪಸು ಪಡೆಯಬಹುದು.

ಈಗ ಎರಡನ್ನೂ ಲೆಕ್ಕ ಹಾಕೋಣ. ನೀವು ಶೇ. 20ರ ತೆರಿಗೆ ಕಟ್ಟುವವರಾದರೆ ಶೇ. 8ರ ನ್ಯಾಷನಲ್ ಇನ್ಶೂರೆನ್ಸ್ ಸೇರಿ 1,200ರಲ್ಲಿ 336 ಪೌಂಡ್ ಉಳಿದಿದೆ, ಕೈಯಿಂದ ಹೋದದ್ದು 864. ಇದಕ್ಕೆ 300 ಸೇರಿಸಿದರೆ 1,164 ಆಗುತ್ತದೆ; ಅಂದರೆ ವರ್ಷವಿಡೀ ಕಾದು, ಕಾಗದಪತ್ರ ಮಾಡಿದ್ದಕ್ಕೆ ನಿಮಗೆ ದಕ್ಕಿದ್ದು 36 ಪೌಂಡ್. ಅದರ ಬದಲು 84 ಸೇರಿಸಿದರೆ ಒಟ್ಟು 948, ಉಳಿತಾಯ 252. ನೀವು ಶೇ. 40ರ ವರ್ಗದವರಾದರೆ ಇನ್ಶೂರೆನ್ಸಿನ ಶೇ. 2 ಸೇರಿ ಮೊದಲೇ 504 ಪೌಂಡ್ ಉಳಿದಿರುತ್ತದೆ, ಠೇವಣಿ ಕಳೆದರೂ 420 ನಿಮ್ಮದೇ. ಆದ್ದರಿಂದ ಎರಡನೆಯ ಒಪ್ಪಂದಕ್ಕೆ ಸಹಿ ಹಾಕಿ ಎಂಬುದು ನನ್ನ ಸ್ಪಷ್ಟ ಸಲಹೆ. ಆದರೆ ಆ ಮೂರು ವರ್ಷಗಳಲ್ಲಿ ಸೈಕಲ್ಲಿನ ಒಡೆತನ ಬೇರೆಯವರದ್ದೇ ಆಗಿರುವುದರಿಂದ ಅದನ್ನು ಮಾರಲು ನಿಮಗೆ ಹಕ್ಕಿಲ್ಲ. ನಡುವೆ ಕೆಲಸ ಬಿಟ್ಟು ಊರಿಗೆ ಮರಳುವ ಯೋಚನೆಯಿದ್ದರೆ, ಅವಧಿಗೆ ಮುಂಚೆ ಒಪ್ಪಂದ ಮುಗಿಸಲು ಏನು ಮಾಡಬೇಕೆಂಬುದನ್ನು ಯೋಜನೆ ನಡೆಸುವ ಸಂಸ್ಥೆಯಿಂದ ಈಗಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಇನ್ನೂ ಕಂತು ಕಟ್ಟುತ್ತಿರುವವರಾದರೆ, ಸೈಕಲ್ ಕಳುವಾದರೂ ಉಳಿದ ಕಂತುಗಳ ಹೊಣೆ ಅವರದೇ; ನೀವೂ ಮನೆಯ ವಿಮೆಯಲ್ಲಿ ಒಂದೊಂದು ವಸ್ತುವಿಗೆ ಇರುವ ಮಿತಿ ಸೈಕಲ್ಲಿನ ಬೆಲೆಗೆ ಸಾಲುತ್ತದೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಊರಿನ ಅಂಗಡಿಯಲ್ಲಿ ನನಗೆ ಬೇಕಾದ ಸೈಕಲ್ ಶೇ. 20 ರಿಯಾಯಿತಿಯಲ್ಲಿತ್ತು. ಕಂಪನಿ ಕೊಟ್ಟ ವೋಚರ್ ತೋರಿಸಿದೊಡನೆ ಅಂಗಡಿಯವರು ‘ವೋಚರಿಗೆ ರಿಯಾಯಿತಿ ಅನ್ವಯಿಸುವುದಿಲ್ಲ, ಪೂರ್ತಿ ಬೆಲೆ ಕೊಡಬೇಕು’ ಎಂದರು. ಸಾಲದ್ದಕ್ಕೆ ನಮ್ಮ ಕಂಪನಿಯ ಮಿತಿ 1,000 ಪೌಂಡ್, ನಾನು ನೋಡುತ್ತಿರುವ ಎಲೆಕ್ಟ್ರಿಕ್ ಸೈಕಲ್ಲುಗಳೆಲ್ಲ ಅದಕ್ಕಿಂತ ದುಬಾರಿ. ಇದಕ್ಕೆ ಪರಿಹಾರವಿದೆಯೇ? (ಓದುಗರೊಬ್ಬರು, ಲೆಸ್ಟರ್)

ಅಂಗಡಿಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹೆಚ್ಚಿನ ಕಂಪನಿಗಳು ಈ ಯೋಜನೆಯನ್ನು ತಾವೇ ನಡೆಸದೆ ಮಧ್ಯವರ್ತಿ ಸಂಸ್ಥೆಗಳಿಗೆ ವಹಿಸಿರುತ್ತವೆ. ಮಧ್ಯವರ್ತಿಯು ತನ್ನ ಕಮಿಷನ್ನನ್ನು ಸಾಮಾನ್ಯವಾಗಿ ನೌಕರರಿಂದಾಗಲಿ ಕಂಪನಿಯಿಂದಾಗಲಿ ಪಡೆಯದೆ ಅಂಗಡಿಗೆ ಸಲ್ಲಬೇಕಾದ ಹಣದಲ್ಲಿ ಮುರಿದುಕೊಳ್ಳುತ್ತದೆ. ಮೊದಲೇ ಬೆಲೆ ಇಳಿಸಿರುವ ಸೈಕಲ್ಲಿನ ಮೇಲೆ ಈ ಕಮಿಷನ್ನೂ ಹೋದರೆ ಒಬ್ಬರೇ ನಡೆಸುವ ಸಣ್ಣ ಅಂಗಡಿಗೆ ಏನೂ ಉಳಿಯುವುದಿಲ್ಲ. ಸರಕಾರ ಬಿಟ್ಟುಕೊಟ್ಟ ತೆರಿಗೆಯ ಒಂದು ಪಾಲು ಹೀಗೆ ಸುತ್ತುದಾರಿಯಲ್ಲಿ ಮಧ್ಯವರ್ತಿಯ ಕೈ ಸೇರುತ್ತಿದ್ದು, ಸೈಕಲ್ ರಿಪೇರಿ ಮಾಡಿಕೊಡುವ, ನಾಳೆ ನಿಮಗೆ ಬೇಕಾಗುವ ಅಂಗಡಿಯವರೇ ಅದರ ಭಾರ ಹೊರುತ್ತಿದ್ದಾರೆ. ಈ ಯೋಜನೆಯಲ್ಲಿ ನನಗೆ ಅತ್ಯಂತ ಅನ್ಯಾಯವೆಂದು ತೋರುವ ಸಂಗತಿಗಳಲ್ಲಿ ಇದೊಂದು.

ನೀವು ಮೂಲ ದರದ (ಶೇ. 20ರ) ತೆರಿಗೆ ಕಟ್ಟುವವರಾದರೆ, ರಿಯಾಯಿತಿಯಲ್ಲಿರುವ ಸೈಕಲ್ಲನ್ನು ನೇರವಾಗಿ ಹಣ ಕೊಟ್ಟು ಕೊಳ್ಳುವುದೇ ಮೇಲು. ಮೇಲೆ ನೋಡಿದ ಲೆಕ್ಕದಲ್ಲಿ ಯೋಜನೆಯಿಂದ ಕೊನೆಗೆ ಉಳಿಯುವುದು ಶೇ. 21, ಅಂಗಡಿ ಕೊಡುವ ರಿಯಾಯಿತಿ ಶೇ. 20. ಶೇ. 1ರ ವ್ಯತ್ಯಾಸಕ್ಕಾಗಿ ನಾಲ್ಕು ವರ್ಷ ಇನ್ನೊಬ್ಬರ ಸೈಕಲ್ ತುಳಿಯಬೇಕಾಗಿಲ್ಲ. ಯೋಜನೆಯಲ್ಲೇ ಕೊಳ್ಳುವುದಾದರೆ, ವೋಚರಿಗೆ ಅರ್ಜಿ ಹಾಕುವ ಮೊದಲೇ ಅಂಗಡಿಯವರೊಡನೆ ಮಾತಾಡಿ ಹೆಲ್ಮೆಟ್, ಬೀಗ, ದೀಪಗಳೆಲ್ಲ ಸೇರಿದ ಬೆಲೆಪಟ್ಟಿ ಬರೆಸಿಕೊಳ್ಳಿ. ಒಮ್ಮೆ ಹೊರಟ ವೋಚರಿನ ಮೊತ್ತ ಬದಲಿಸುವುದು ಬಲು ತೊಡಕಿನ ಕೆಲಸ.

1,000 ಪೌಂಡಿನ ಮಿತಿಯ ಮೂಲ ತೆರಿಗೆ ಕಾನೂನಿನಲ್ಲಿಲ್ಲ. ಸಾಲ ಮತ್ತು ಬಾಡಿಗೆ ವ್ಯವಹಾರಗಳಿಗೆ ಬೇಕಾದ ಪರವಾನಗಿಯ ನಿಯಮದಿಂದ ಅದು ಬಂದಿತ್ತು. 2019ರ ಜೂನ್‌ನಲ್ಲಿ ಸಾರಿಗೆ ಇಲಾಖೆಯು ಮಾರ್ಗಸೂಚಿಯನ್ನು ಪರಿಷ್ಕರಿಸಿ, ಹಣಕಾಸು ವ್ಯವಹಾರಗಳ ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ಅನುಮತಿಯಿರುವ ಸಂಸ್ಥೆಯ ಮೂಲಕ ಯೋಜನೆ ನಡೆದರೆ ಅದಕ್ಕಿಂತ ಹೆಚ್ಚು ಬೆಲೆಯ ಸೈಕಲ್ಲನ್ನೂ ಕೊಡಬಹುದೆಂದು ಸ್ಪಷ್ಟಪಡಿಸಿತು. ನಿಮ್ಮ ಕಂಪನಿ ಹಳೆಯ ಮಿತಿಯನ್ನೇ ಮುಂದುವರಿಸಿಕೊಂಡು ಬಂದಿರುವ ಸಾಧ್ಯತೆ ಹೆಚ್ಚು. ಎಚ್‌ಆರ್ ವಿಭಾಗಕ್ಕೆ ಈ ಮಾರ್ಗಸೂಚಿಯನ್ನು ತೋರಿಸಿ ಪತ್ರ ಬರೆಯಿರಿ, ಸಾಧ್ಯವಾದರೆ ಸಹೋದ್ಯೋಗಿಗಳ ಸಹಿಯನ್ನೂ ಸೇರಿಸಿ. ನೀವು ಬಿಟ್ಟುಕೊಡುವ ಸಂಬಳದ ಮೇಲೆ ಕಂಪನಿಗೂ ತನ್ನ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ ಉಳಿಯುತ್ತದೆ; 2025ರ ಏಪ್ರಿಲ್‌ನಿಂದ ಅದರ ದರ ಶೇ. 15. ಈ ಮಾತನ್ನು ಪತ್ರದಲ್ಲಿ ಮರೆಯದೆ ಬರೆಯಿರಿ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್. ಮುಂದಿನ ವರ್ಷ ಮಗುವಿನ ಯೋಚನೆಯಿದೆ, ಅದಾದ ಮೇಲೆ ಬೇರೆ ಊರಿಗೆ ಹೋಗಲೂಬಹುದು. ಈಗ ಯೋಜನೆಗೆ ಸೇರಬಹುದೇ? (ಓದುಗರೊಬ್ಬರು, ಮ್ಯಾಂಚೆಸ್ಟರ್)

ಸೇರುವ ಮೊದಲು ದಿನಗಳ ಲೆಕ್ಕ ಹಾಕಿಕೊಳ್ಳಿ, ತಾಯಿ. ಹೆರಿಗೆ ರಜೆಯ ಶಾಸನಬದ್ಧ ವೇತನವನ್ನು ನಿಶ್ಚಯಿಸುವುದು, ಹೆರಿಗೆಗೆ ಹದಿನೈದು ವಾರ ಮುಂಚಿನ ವಾರದವರೆಗಿನ ಸುಮಾರು ಎಂಟು ವಾರಗಳ ಸರಾಸರಿ ಸಂಬಳದ ಮೇಲೆ. ಆ ಎಂಟು ವಾರಗಳಲ್ಲಿ ಸೈಕಲ್ಲಿನ ಕಡಿತ ನಡೆಯುತ್ತಿದ್ದರೆ ಸರಾಸರಿ ಇಳಿದು, ಮೊದಲ ಆರು ವಾರ ಸಿಗುವ ಶೇ. 90ರ ವೇತನವೂ ಇಳಿಯುತ್ತದೆ. ನಿಮ್ಮ ಪಿಂಚಣಿಯ ಲೆಕ್ಕಕ್ಕೆ ಕಡಿತದ ಮುಂಚಿನ ಸಂಬಳವನ್ನು ಹಿಡಿಯುತ್ತಾರೆಯೇ, ನಂತರದ್ದನ್ನೇ ಎಂಬುದನ್ನು ಪೇರೋಲ್ ವಿಭಾಗದಲ್ಲಿ ಕೇಳಿ. ಕಂತು ಮುಗಿಯುವ ಮೊದಲೇ ಕೆಲಸ ಬಿಟ್ಟರೆ ಉಳಿದ ಹಣವನ್ನೆಲ್ಲ ಕೊನೆಯ ಸಂಬಳದಿಂದ, ತೆರಿಗೆ ಹಿಡಿದ ಮೇಲಿನ ಮೊತ್ತದಿಂದ, ಒಟ್ಟಿಗೆ ಕಡಿಯುತ್ತಾರೆ. ಆ ಭಾಗಕ್ಕೆ ರಿಯಾಯಿತಿ ಸಿಗುವುದಿಲ್ಲ. ನೀವು ಉದ್ಯೋಗದಾತರ ಪ್ರಾಯೋಜಕತ್ವದ ವೀಸಾದಲ್ಲಿದ್ದು, ಸಂಬಳ ವೀಸಾಕ್ಕೆ ಬೇಕಾದ ಕನಿಷ್ಠ ಮಟ್ಟದ ಹತ್ತಿರವಿದ್ದರೆ, ಸಹಿ ಹಾಕುವ ಮೊದಲು ವೀಸಾ ವ್ಯವಹಾರ ನೋಡಿಕೊಳ್ಳುವವರಿಂದ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ.

ಪ್ರಶ್ನೆ: ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಎರಡು ದಿನ ಮಾತ್ರ ರೈಲ್ವೆ ನಿಲ್ದಾಣದವರೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಯೋಜನೆಗೆ ನಾನು ಅರ್ಹನಲ್ಲವೆಂದು ಸಹೋದ್ಯೋಗಿಯೊಬ್ಬರು ಹೆದರಿಸುತ್ತಾರೆ. (ಓದುಗರೊಬ್ಬರು, ಕೇಂಬ್ರಿಜ್)

ಹೆದರಬೇಕಿಲ್ಲ. ಸೈಕಲ್ಲನ್ನು ಮುಖ್ಯವಾಗಿ ಕೆಲಸದ ಪ್ರಯಾಣಕ್ಕೆ ಬಳಸಬೇಕು ಎಂಬುದಷ್ಟೇ ನಿಯಮ. ಅದು ಸೈಕಲ್ಲಿನ ಬಳಕೆಯ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ನೋಡುತ್ತದೆ, ನೀವು ಕಚೇರಿಗೆ ಹೋಗುವ ದಿನಗಳನ್ನಲ್ಲ. ನಿಲ್ದಾಣದವರೆಗಿನ ದಾರಿಯೂ ಕೆಲಸದ ಪ್ರಯಾಣದ ಭಾಗವೇ. ಭಾನುವಾರ ಮಕ್ಕಳೊಡನೆ ಸುತ್ತಾಡುವುದಕ್ಕೂ ತಡೆಯಿಲ್ಲ; ಅದು ಮುಖ್ಯ ಬಳಕೆಯನ್ನು ಮೀರದಿದ್ದರೆ ಸಾಕು.

ಪ್ರಶ್ನೆ: ನಾನು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಪಾಳಿಗೆ ಬಸ್ಸಿಲ್ಲ, ನಡೆದೇ ಹೋಗಬೇಕು. ಮ್ಯಾನೇಜರ್ ಈ ಯೋಜನೆಯಲ್ಲಿ ಸೈಕಲ್ ತೆಗೆದುಕೊಂಡಿದ್ದಾರೆ, ನಾನು ಕೇಳಿದರೆ ‘ನಿಮಗೆ ಬರುವುದಿಲ್ಲ’ ಎನ್ನುತ್ತಾರೆ. ಈ ಭೇದ ಏಕೆ? (ಓದುಗರೊಬ್ಬರು, ಕಾವೆಂಟ್ರಿ)

ಈ ಪತ್ರ ಓದಿ ಮನಸ್ಸಿಗೆ ನೋವಾಯಿತು. ತೆರಿಗೆ ವಿನಾಯಿತಿ ಸಿಗಬೇಕಾದರೆ ಯೋಜನೆ ಎಲ್ಲ ನೌಕರರಿಗೂ ತೆರೆದಿರಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಸಂಬಳದಲ್ಲಿ ಬಿಟ್ಟುಕೊಟ್ಟ ನಂತರ ಉಳಿಯುವ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗಬಾರದೆಂದು ಇನ್ನೊಂದು ಕಾನೂನು ಹೇಳುತ್ತದೆ. ಇಪ್ಪತ್ತೊಂದು ವರ್ಷ ತುಂಬಿದವರಿಗೆ ಆ ವೇತನ 2025ರ ಏಪ್ರಿಲ್‌ನಿಂದ ಗಂಟೆಗೆ 12.21 ಪೌಂಡ್, 2026ರ ಏಪ್ರಿಲ್‌ನಿಂದ 12.71. ನಿಮ್ಮ ಕೂಲಿ ಅಷ್ಟೇ ಇರುವುದಾದರೆ ಬಿಟ್ಟುಕೊಡಲು ಒಂದು ಪೆನ್ನಿಯೂ ಇರುವುದಿಲ್ಲ. ಕೂಲಿಯನ್ನು ಕಾಯಲೆಂದು ಮಾಡಿದ ನಿಯಮವೇ ಅತ್ಯಂತ ಕಡಿಮೆ ಕೂಲಿಯವರನ್ನು ಈ ಸೌಲಭ್ಯದಿಂದ ಹೊರಗಿಟ್ಟಿದೆ. ಕಾರು ಕೊಳ್ಳಬಲ್ಲವರಿಗೆ ಸೈಕಲ್ಲಿನಲ್ಲೂ ಹೆಚ್ಚಿನ ರಿಯಾಯಿತಿ, ಸೈಕಲ್ ಬಿಟ್ಟು ಬೇರೆ ಗತಿಯಿಲ್ಲದವರಿಗೆ ಏನೂ ಇಲ್ಲ. ನೆರವನ್ನು ತೆರಿಗೆಯ ಮೂಲಕ, ಅದೂ ಮಾಲೀಕರ ಕೈಯಿಂದ, ಹಂಚುವ ತನಕ ಇದು ಹೀಗೆಯೇ ಇರುತ್ತದೆ. ವರ್ಷದ ಆದಾಯ 12,570 ಪೌಂಡ್ ಮೀರದವರಿಗೆ, ಅಂದರೆ ವಾರಕ್ಕೆ ಕೆಲವೇ ಗಂಟೆ ದುಡಿಯುವ ನಮ್ಮ ಅನೇಕ ವಿದ್ಯಾರ್ಥಿಗಳಿಗೆ, ನಿಯಮ ಅಡ್ಡಬರದಿದ್ದರೂ ಉಳಿಸಲು ತೆರಿಗೆಯೇ ಇಲ್ಲ. ಸ್ವಂತ ಉದ್ಯೋಗದವರ ಪಾಡೂ ಅಷ್ಟೇ. ಅವರಿಗೆ ಸಂಬಳ ಕಡಿಯುವ ಮಾಲೀಕರೇ ಇಲ್ಲ.

ನಿಮಗೊಂದು ದಾರಿಯಿದೆ. ಸೈಕಲ್ಲಿಗಾಗಿ ಬಡ್ಡಿಯಿಲ್ಲದ ಸಾಲ ಕೊಡುವಂತೆ ಮ್ಯಾನೇಜರರನ್ನು ಕೇಳಿ. ಮಾಲೀಕರು ಕೊಟ್ಟ ಸಾಲ 10,000 ಪೌಂಡ್ ಮೀರದಿದ್ದರೆ ಅದರ ಮೇಲೆ ತೆರಿಗೆಯ ತಾಪತ್ರಯವಿಲ್ಲ. ಇಂಥ ಸಾಲದ ಕಂತನ್ನು ಸಂಬಳದಲ್ಲಿ ಹಿಡಿದುಕೊಂಡರೆ ಕನಿಷ್ಠ ವೇತನದ ನಿಯಮವೂ ಮುರಿಯುವುದಿಲ್ಲ, ಏಕೆಂದರೆ ಆ ಹಣ ಮೊದಲೇ ನಿಮ್ಮ ಕೈಸೇರಿರುತ್ತದೆ. ತೆರಿಗೆ ಉಳಿಯದಿದ್ದರೂ ಒಮ್ಮೆಗೇ ಹಣ ಹೊಂದಿಸುವ ಕಷ್ಟ ತಪ್ಪುತ್ತದೆ, ಸೈಕಲ್ ಮೊದಲ ದಿನದಿಂದಲೇ ನಿಮ್ಮದಾಗಿರುತ್ತದೆ. ಅನೇಕ ಕಂಪನಿಗಳು ರೈಲು ಪಾಸಿಗೆ ಇಂಥ ಸಾಲ ಕೊಡುವುದರಿಂದ ಇದು ಅಪರೂಪದ ಬೇಡಿಕೆಯೇನಲ್ಲ.

ಹಳೆಯ ಸೈಕಲ್ ಕೊಳ್ಳುವುದಾದರೆ, ರಿಪೇರಿ ಮಾಡಿ ಮಾರುವ ಸಮುದಾಯ ಕಾರ್ಯಾಗಾರಗಳು ಬ್ರಿಟನ್ನಿನ ಹಲವು ನಗರಗಳಲ್ಲಿವೆ. ಅಲ್ಲಿ ಬ್ರೇಕು, ಚೈನು ಪರೀಕ್ಷಿಸಿಯೇ ಕೊಡುತ್ತಾರೆ. ಅಪರಿಚಿತರಿಂದ ಕೊಳ್ಳುವಾಗ ಫ್ರೇಮಿನ ಅಡಿಯಲ್ಲಿ, ಪೆಡಲಿನ ಹತ್ತಿರ ಕೊರೆದಿರುವ ಸಂಖ್ಯೆಯನ್ನು ಓದಿ, ಪೊಲೀಸರೂ ಬಳಸುವ ‘ಬೈಕ್‌ರಿಜಿಸ್ಟರ್’ ಪಟ್ಟಿಯಲ್ಲಿ ಅದು ಕಳುವಿನ ಮಾಲೆಂದು ದಾಖಲಾಗಿದೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಿ. ಕತ್ತಲಲ್ಲಿ ಪಾಳಿಗೆ ಹೋಗುವ ನಿಮಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಾನೂನಿನ ಪ್ರಕಾರ ಕಡ್ಡಾಯ. ಅದರ ಖರ್ಚನ್ನೂ ಸಾಲದ ಮೊತ್ತದಲ್ಲಿಯೇ ಸೇರಿಸಿ ಕೇಳಿ.