ಓದುಗರ ಪ್ರಶ್ನೆ: ಕೋವಿಡ್ ಕಾಲದಲ್ಲಿ ಯಾವ ದೇಶ ಚೆನ್ನಾಗಿ ನಿಭಾಯಿಸಿತು, ತಿಳಿಯುವುದು ಹೇಗೆ?

ಪ್ರಶ್ನೆ: ಹತ್ತು ಲಕ್ಷ ಜನರಿಗೆ ಎಷ್ಟು ಕೋವಿಡ್ ಸಾವು ಎಂಬ ಪಟ್ಟಿ ಹಿಡಿದು, ಈ ದೇಶ ಗೆದ್ದಿತು, ಆ ದೇಶ ಸೋತಿತು ಎಂದು ವಾದಿಸುತ್ತಾರೆ. ಆ ಪಟ್ಟಿಯನ್ನು ಎಷ್ಟು ನಂಬಬಹುದು?

ಉತ್ತರ: ಆ ಪಟ್ಟಿಯಲ್ಲಿ ಒಂದೊಂದು ದೇಶದ್ದು ಒಂದೊಂದು ಅಳತೆಗೋಲು. ಪರೀಕ್ಷೆ ಆಗದಿದ್ದರೂ ಕೋವಿಡ್ ಶಂಕೆ ಇದ್ದ ವೃದ್ಧಾಶ್ರಮದ ಸಾವುಗಳನ್ನೂ ಬೆಲ್ಜಿಯಂ ಲೆಕ್ಕಕ್ಕೆ ಹಿಡಿಯಿತು. ಹಾಗಾಗಿ ಮೊದಲ ಅಲೆಯಲ್ಲಿ ಪಟ್ಟಿಯ ಮೇಲ್ತುದಿಗೆ ಬಂತು. ಬ್ರಿಟನ್ 2020ರ ಆಗಸ್ಟ್‌ನಲ್ಲಿ ‘ಪಾಸಿಟಿವ್ ಬಂದ 28 ದಿನದೊಳಗಿನ ಸಾವು’ ಎಂಬ ಮಿತಿ ಹಾಕಿಕೊಂಡದ್ದೇ ತಡ, ಒಟ್ಟು ಸಂಖ್ಯೆಯಿಂದ 5,000ಕ್ಕೂ ಹೆಚ್ಚು ಸಾವು ಕೈಬಿಟ್ಟುಹೋಯಿತು. ಪೆರು 2021ರ ಮೇ 31ರಂದು ಮಾನದಂಡ ಸರಿಪಡಿಸಿಕೊಂಡಾಗ 69,342 ಇದ್ದದ್ದು 1,80,764 ಆಯಿತು. ಸತ್ತವರು ಅವರೇ, ಎಣಿಸುವ ರೀತಿ ಬದಲಾಗಿತ್ತು.

ಅದಕ್ಕೇ ‘ಹೆಚ್ಚುವರಿ ಸಾವು’ ನೋಡಿ. ಕಾರಣ ಏನೇ ಇರಲಿ, ಆ ಅವಧಿಯಲ್ಲಿ ಒಟ್ಟು ಸತ್ತವರೆಷ್ಟು, ಸೋಂಕು ಬಾರದೇ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರು, ಇವೆರಡರ ವ್ಯತ್ಯಾಸ ಅದು. 2020 ಮತ್ತು 2021ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಅಂದಾಜಿಸಿದ್ದು ಜಗತ್ತಿನಾದ್ಯಂತ 1.49 ಕೋಟಿ. ದೇಶಗಳು ಒಪ್ಪಿಕೊಂಡ ಕೋವಿಡ್ ಸಾವು ಸುಮಾರು 54 ಲಕ್ಷ.

ನೀವೇ ಲೆಕ್ಕ ಹಾಕುವುದಾದರೆ, ಆ ದೇಶದ 2015ರಿಂದ 2019ರವರೆಗಿನ ವಾರವಾರದ ಸಾವಿನ ಅಂಕಿ ತೆಗೆದುಕೊಳ್ಳಿ. ಬರೀ ಸರಾಸರಿ ಹಿಡಿದು ಕಳೆದರೆ ಲೆಕ್ಕ ತಪ್ಪುತ್ತದೆ. ಜನಸಂಖ್ಯೆಯೂ ವೃದ್ಧರೂ ಹೆಚ್ಚುತ್ತಿರುವ ದೇಶದಲ್ಲಿ ಸಾವು ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರುತ್ತದೆ. ಸರಾಸರಿ ಮಾತ್ರ 2017ರ ಹತ್ತಿರವೇ ನಿಂತುಬಿಡುತ್ತದೆ, ಮುಂದಿನ ಏರಿಕೆಯೆಲ್ಲ ಕೋವಿಡ್ ತಲೆಗೆ ಬೀಳುತ್ತದೆ. ಬದಲಿಗೆ ಐದು ವರ್ಷದ ಗೆರೆ ಎಳೆದು 2020ಕ್ಕೆ ಮುಂದುವರಿಸಿ, ಸಾಧ್ಯವಾದರೆ ಒಂದೊಂದು ವಯೋಗುಂಪಿಗೂ ಬೇರೆಬೇರೆಯಾಗಿ. ವಾರದ ಲೆಕ್ಕದಲ್ಲಿ 2020ಕ್ಕೆ 53 ವಾರ. ಅದನ್ನು ಮರೆತು 52 ವಾರದ ವರ್ಷದ ಪಕ್ಕ ಇಟ್ಟರೆ ಇಡೀ ಒಂದು ವಾರದ ಸಾವು ‘ಹೆಚ್ಚುವರಿ’ ಆಗಿ ಕೂರುತ್ತದೆ. ತೀರಾ ಇತ್ತೀಚಿನ ವಾರಗಳನ್ನು ಬಿಟ್ಟುಬಿಡಿ. ನೋಂದಣಿ ತಡವಾಗುವುದರಿಂದ ಗ್ರಾಫ್‌ನ ಬಲತುದಿ ಯಾವಾಗಲೂ ಇಳಿದಂತೆ ಕಾಣುತ್ತದೆ. ನೋಂದಣಿಯೇ ಅರೆಬರೆ ಇರುವ ಕಡೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ, ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಎಂದು ಕೇಳಿ.

ಪ್ರಶ್ನೆ: ದಿನದ ಪ್ರಕರಣ ಇಳಿದರೆ ಸೋಂಕು ಇಳಿಯಿತು ಎಂದಲ್ಲವೇ?

ಉತ್ತರ: ಪರೀಕ್ಷೆಯ ಸಂಖ್ಯೆ ನೋಡದೆ ಹೇಳಲಾಗದು. 1,00,000 ಪರೀಕ್ಷೆಗೆ 10,000 ಪಾಸಿಟಿವ್ ಇದ್ದದ್ದು, ಮರುವಾರ 50,000 ಪರೀಕ್ಷೆಗೆ 7,500 ಆಯಿತೆನ್ನಿ. ಪ್ರಕರಣ ಇಳಿಯಿತು, ಪಾಸಿಟಿವಿಟಿ ದರ ಶೇ 10ರಿಂದ 15ಕ್ಕೆ ಏರಿತು. ನಿರ್ಬಂಧ ಸಡಿಲಿಸುವ ಮುನ್ನ ಈ ದರ 14 ದಿನ ಶೇ 5ರೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲಿ ಸಲಹೆ ಕೊಟ್ಟಿತ್ತು.

ಪ್ರಶ್ನೆ: ಲಾಕ್‌ಡೌನ್ ಮಾಡದೆಯೇ ಸ್ವೀಡನ್ ಗೆದ್ದಿತಂತೆ, ನಿಜವೇ?

ಉತ್ತರ: ಎರಡೂ ಕಡೆಯವರು ತಮಗೆ ಅನುಕೂಲವಾದ ಅವಧಿಯನ್ನು ಆರಿಸಿಕೊಳ್ಳುತ್ತಾರೆ. 2020 ಮಾತ್ರ ನೋಡಿದರೆ ನೆರೆಯ ನಾರ್ವೆ, ಫಿನ್ಲೆಂಡ್‌ಗಿಂತ ಅಲ್ಲಿ ಕೋವಿಡ್ ಸಾವು ಹಲವು ಪಟ್ಟು. 2022ರ ಕೊನೆಯವರೆಗಿನ ಹೆಚ್ಚುವರಿ ಸಾವು ನೋಡಿದರೆ ಯುರೋಪಿನಲ್ಲಿ ಕಡಿಮೆ ಇರುವ ದೇಶಗಳ ಸಾಲಿನಲ್ಲಿದೆ. ‘ಏನೂ ಮಾಡಲಿಲ್ಲ’ ಎನ್ನುವುದಂತೂ ಸುಳ್ಳು: 2020ರ ಮಾರ್ಚ್‌ನಲ್ಲೇ 50ಕ್ಕಿಂತ ಹೆಚ್ಚು ಜನ ಸೇರುವುದಕ್ಕೆ ನಿಷೇಧ ಬಂತು, ವೃದ್ಧಾಶ್ರಮಗಳ ಭೇಟಿಯನ್ನು ಏಪ್ರಿಲ್ 1ರಿಂದ ನಿಲ್ಲಿಸಲಾಯಿತು. ಅಲ್ಲಿನ ವಿಚಾರಣಾ ಆಯೋಗ 2022ರ ಫೆಬ್ರವರಿಯ ಅಂತಿಮ ವರದಿಯಲ್ಲಿ, ಬಲವಂತಕ್ಕಿಂತ ಸಲಹೆಯನ್ನು ನೆಚ್ಚಿದ್ದು ಮೂಲತಃ ಸರಿ, ಆದರೆ ಮೊದಲ ಕ್ರಮಗಳು ಸಾಲದಾಗಿದ್ದವು ಮತ್ತು ತಡವಾದವು ಎಂದಿತು. ವೃದ್ಧರನ್ನು ಕಾಪಾಡಲು ಆಗಲಿಲ್ಲ ಎಂದು ಮೊದಲೇ ಹೇಳಿತ್ತು. ಲಾಕ್‌ಡೌನ್ ಬೇಕಿತ್ತೇ ಬೇಡವಿತ್ತೇ ಎಂಬ ಗದ್ದಲದಲ್ಲಿ ಈ ಕೊನೆಯ ಮಾತು ಮುಚ್ಚಿಹೋಗುವುದು ನಮಗೆ ನೋವಿನ ಸಂಗತಿ. ಗಂಟೆಗಿಷ್ಟು ಎಂದು ದುಡಿಯುವ ಆರೈಕೆ ಸಿಬ್ಬಂದಿಗೆ ಜ್ವರ ಬಂದರೂ ರಜೆ ಹಾಕಲು ಆಗದಿದ್ದರೆ ಸೋಂಕು ಹೇಗೆ ಒಳಗೆ ಬರುತ್ತದೆ ಎಂಬುದು ಎಲ್ಲ ದೇಶಕ್ಕೂ ಬೇಕಾದ ಚರ್ಚೆ.

ಪ್ರಶ್ನೆ: ಆಸ್ಪತ್ರೆ ಸೇರಿದವರಲ್ಲಿ ಲಸಿಕೆ ಪಡೆದವರೇ ಹೆಚ್ಚು ಎಂದರೆ ಲಸಿಕೆ ವ್ಯರ್ಥವೇ?

ಉತ್ತರ: ಒಂದು ಲಕ್ಷ ಜನರಿರುವ ಊರೊಂದನ್ನು ಕಲ್ಪಿಸಿಕೊಳ್ಳಿ, 90,000 ಮಂದಿಗೆ ಲಸಿಕೆ ಆಗಿದೆ. ಲಸಿಕೆ ಪಡೆಯದ 10,000 ಜನರಲ್ಲಿ 50 ಮಂದಿ ದಾಖಲಾದರು, ಪಡೆದವರಲ್ಲಿ 90. ವಾರ್ಡಿನಲ್ಲಿ ನಿಂತು ಎಣಿಸಿದರೆ ಲಸಿಕೆಯವರೇ ಹೆಚ್ಚು. ಆದರೆ 10,000 ಜನರಿಗೆ ಲೆಕ್ಕ ಹಾಕಿದರೆ ಆ ಕಡೆ 50, ಈ ಕಡೆ 10, ಅಂದರೆ ಐದನೇ ಒಂದು ಪಾಲು. ಇದನ್ನೂ ವಯೋಗುಂಪುವಾರು ಮಾಡಿ. ಬಹುತೇಕ ಕಡೆ ಲಸಿಕೆ ಮೊದಲು ಹಾಕಿಸಿಕೊಂಡವರು ವೃದ್ಧರು. ಎಲ್ಲರನ್ನೂ ಒಟ್ಟು ಸೇರಿಸಿದರೆ ವಯಸ್ಸಿನಿಂದ ಬರುವ ಅಪಾಯ ಲಸಿಕೆಯ ಲೆಕ್ಕದಲ್ಲಿ ಸೇರಿಹೋಗುತ್ತದೆ.